ಎಡಗಡೆಯ ಅಳತೆ

ಕೋಪರಖೈರಣೆ
೬ ಆಗಸ್ಟ್ ೨೦೨೪

ಕಳವಾ ಯುನಿಟ್ಟಿನ ಟೇಲರ್ ಅವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಅಳತೆ ಕೊಟ್ಟ ಮಾಜಿವಾಡಾದ ಅಂಗಡಿಯಲ್ಲಿ ಕೇಳಿದೆ; ಹೊಲಿಯುವುದು ಕಳವಾ ಎಂಬಲ್ಲಿ ಎಂದಷ್ಟೇ ತಿಳಿಯಿತು. ಅಳತೆ ತೆಗೆಯುವ ಹುಡುಗಿ ಪ್ರಾಜಕ್ತಾ, "ನಕೋ ಆಂಟಿ, ಶೇಠ್ ಓರಡ್ತೋ" ಎಂದು ಕೈ ಮುಗಿದಳು. ಹೊಲಿಯುವವರ ಹೆಸರು, ನಂಬರು ಗಿರಾಕಿಗೆ ಕೊಟ್ಟರೆ ಮಾಲೀಕರು ಬೈಯುತ್ತಾರಂತೆ. ಹಾಗಾಗಿ ವಾಪಸು ಬರುವ ಉಡುಪಿನ ಒಳಗೇ ಕಾಗದ ಇಟ್ಟು ಕಳಿಸುವ ದಾರಿ ಹಿಡಿದಿದ್ದೇನೆ.

ಟ್ರಯಲ್ ನೋಡಲು ಎರಡು ದಿನಕ್ಕೆ ಮನೆಗೆ ಕೊಟ್ಟ ನನ್ನ ಈಜುಡುಗೆಯ ಒಳಗೆ, ಎದೆಯ ಪ್ಯಾಡು ತೂರಿಸಲು ಬಿಟ್ಟ ಕಿಸೆಯಲ್ಲಿ ಒಂದು ಚೀಟಿ ಸಿಕ್ಕಿತು. "ಈ ಗಿರಾಕಿ ಉಸಿರು ಬಿಗಿಹಿಡದು ಅಳತಿ ಕೊಟ್ಟಾಳ. ಹೊಟ್ಟಿ ಕಡೆ ಎರಡು ಬೆರಳು ಬಿಡು." ಕನ್ನಡದಲ್ಲಿ! ನಾನು ಹೊಟ್ಟೆ ಒಳಗೆ ಎಳೆದುಕೊಂಡದ್ದು ನಿಜ. ಕಳವಾದಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಯಿತು?

ನನ್ನ ಹೆಸರು ಶ್ರೀಮತಿ. ಉಡುಪಿ ಕಡೆಯವಳು. ಐವತ್ತೇಳು ವರ್ಷ. ಇಲ್ಲಿ ನಮ್ಮದೊಂದು ಸಸ್ಯಾಹಾರಿ ಹೊಟೇಲು ಉಂಟು; ಯಜಮಾನರು ಯಜ್ಞೇಶ್ವರರು ಗಲ್ಲಾ ನೋಡುತ್ತಾರೆ, ನಾನು ಅಡಿಗೆಮನೆ ಮತ್ತು ಸ್ಟೋರ್ ರೂಮು. ಸಣ್ಣವಳಿದ್ದಾಗ ಮನೆಯ ಹಿಂದಿನ ಕೆರೆಯಲ್ಲಿ ಮೀನಿನ ಹಾಗೆ ಈಜುತ್ತಿದ್ದೆ. ಹದಿಮೂರಕ್ಕೆ ನಿಲ್ಲಿಸಿದರು. ಈಗ ಇಲ್ಲಿಯ ಕೊಳದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೆಂಗಸರ ಬ್ಯಾಚು ಶುರುವಾಗಿದೆ. ನಾನು ಲೆಗ್ಗಿಂಗು, ಟೀ ಶರ್ಟು ಹಾಕಿ ಇಳಿದೆ. ಕಲಿಸುವವರು ಹತ್ತಿಬಟ್ಟೆ ನಡೆಯುವುದಿಲ್ಲ, ಸರಿಯಾದ ಕಾಸ್ಟ್ಯೂಮ್ ಬೇಕೇ ಬೇಕು ಎಂದು ಮೇಲೆ ಹತ್ತಿಸಿದರು. ಬ್ಯಾಚಿನ ಉಳಿದವರೆಲ್ಲ ನನ್ನದೇ ವಯಸ್ಸಿನವರು, ಆದರೆ ಬೆನ್ನೆಲ್ಲ ಬಯಲು, ತೊಡೆಯೆಲ್ಲ ಬಯಲು. ಈಗ ಅದೇ ಓಡುತ್ತಿರುವುದಂತೆ.

ನನಗೆ ಅದು ಬೇಡ. ಮೊಣಕಾಲಿನವರೆಗೆ ಬರಲಿ, ತೋಳು ಉದ್ದ ಇರಲಿ, ಸೊಂಟಕ್ಕೊಂದು ಲಂಗ ಇರಲಿ. ನಮ್ಮ ಹೊಟೇಲಿನ ಬನ್ಸ್ ಚೆನ್ನಾಗಿರುತ್ತದೆ. ಪ್ರಾಜಕ್ತಾಳ ಕೈಯಲ್ಲಿ ನಾಲ್ಕು ಕಳಿಸಲೇ?

ಇತಿ,
ಶ್ರೀಮತಿ


ಕಳವಾ
೧೯ ಆಗಸ್ಟ್ ೨೦೨೪

ಗಿರಾಕಿ ಬಾಯಿಯವರಿಗೆ,

ಬನ್ಸ್ ಕಳಿಸಬೇಡಿ. ಹೊಲಿದವಳಿಗೆ ತಿಂಡಿ ಕೊಟ್ಟು ದೊಡ್ಡವರಾಗುವ ರೂಢಿ ಹಳೆಯದು. ನನಗೆ ಬೇಕಾದದ್ದು ಸರಿಯಾದ ಅಳತೆ.

ನನ್ನ ಹೆಸರು ಕಾಳವ್ವ. ಜಮಖಂಡಿ ಕಡೆಯವಳು. ನಲವತ್ತೊಂಬತ್ತು. ನನ್ನ ಗಂಡ ಶಂಕರೆಪ್ಪ ರೈಲ್ವೆ ಕಾರ್‌ಶೆಡ್ಡಿನಲ್ಲಿ ರೈಲು ಡಬ್ಬಿ ತೊಳೆಯುತ್ತಾನೆ. ನಾನು ಅಕ್ಷರ ಕಲಿತದ್ದು ಮೂವತ್ತರ ಮೇಲೆ, ಹೆಂಗಸರ ಸಂಘದಲ್ಲಿ, ಕರಪತ್ರ ಓದಿ. ಆದ್ದರಿಂದ ನನ್ನ ಬರಹ ಕರಪತ್ರದ ಹಾಗೆ ಕಾಣುತ್ತದೆ. ಸಹಿಸಿಕೊಳ್ಳಿ.

ಉಸಿರಿನ ವಿಷಯ. ಎದೆ ಮೂವತ್ತೆಂಟು, ಸೀಟು ನಲವತ್ತೆರಡು, ನಡುವೆ ಹೊಟ್ಟೆ ಮೂವತ್ತು ಎಂದು ಬರೆದು ಬಂದರೆ, ಆ ಹೆಂಗಸು ಸಿನಿಮಾದವಳು ಇಲ್ಲವೇ ಸುಳ್ಳುಗಾತಿ. ಇದು ತಿಳಿಯಲು ಪಂಚಾಂಗ ಬೇಕಿಲ್ಲ.

ಈಗ ನೀವು ಕೇಳಿದ ಉಡುಪಿನ ವಿಷಯ. ಮೊಣಕಾಲಿನವರೆಗೆ ಹೊಲಿದರೆ ಕಾಲು ಅಲ್ಲಿಗೇ ಕತ್ತರಿಸಿದ ಹಾಗೆ ಕಾಣುತ್ತದೆ. ತೊಡೆಯ ನಡುವೆ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು, ಎಲ್ಲಿ ಹೆಚ್ಚು ದಪ್ಪವೋ ಅಲ್ಲಿಯೇ ಗೆರೆ ಎಳೆದು ತೋರಿಸಿದಂತೆ. ಲಂಗ ನೀರಿಗೆ ಇಳಿದ ಕೂಡಲೇ ಮೇಲೆದ್ದು ಕೊಡೆಯಾಗುತ್ತದೆ, ಮುಚ್ಚುವುದನ್ನು ಬಿಟ್ಟು ಎಲ್ಲವನ್ನೂ ತೋರಿಸುತ್ತದೆ. ಹೆಚ್ಚು ಮುಚ್ಚಿದರೆ ಮೈ ಚಂದ ಕಾಣುತ್ತದೆ ಎಂದು ನಿಮಗೆ ಹೇಳಿಕೊಟ್ಟವರು ಒಮ್ಮೆಯೂ ಕತ್ತರಿ ಹಿಡಿದವರಲ್ಲ.

ಕಾಲಿನ ಕಟ್ ಮೇಲಕ್ಕೆ, ಸೊಂಟದ ಎಲುಬಿನ ಹತ್ತಿರ ಹೋದರೆ ಕಾಲು ಉದ್ದ ಕಾಣುತ್ತದೆ. ಹೊಟ್ಟೆಯ ಮೇಲೆ ನೆರಿಗೆ ಕೊಟ್ಟರೆ ಹೊಟ್ಟೆ ಯಾರದೋ ಎನಿಸುತ್ತದೆ. ಎರಡೂ ಪಕ್ಕಕ್ಕೆ ಕಪ್ಪು ಪಟ್ಟಿ ಹಾಕಿದರೆ ಅರ್ಧ ಸೊಂಟ ಮಾಯ. ಬೆನ್ನು ಬಯಲಿರಬೇಕಾದರೆ ಎದೆಯ ಕೆಳಗೆ ಅಗಲವಾದ ಎಲಾಸ್ಟಿಕ್ ಬೇಕು, ಇಲ್ಲದಿದ್ದರೆ ಎಲ್ಲ ಕೆಳಗಿಳಿಯುತ್ತದೆ. ಬಟ್ಟೆ ಕಡಿಮೆಯಾದಷ್ಟು ಹೊಲಿಗೆ ಕಷ್ಟ. ಚಡ್ಡಿಯ ಹಾಗಿರುವ ಹಳೆಯ ಉಡುಪನ್ನು ಯಾವ ಹುಡುಗಿಯಾದರೂ ಹೊಲಿಯುತ್ತಾಳೆ. ನಾಲ್ಕು ಬೆರಳು ಬಟ್ಟೆಯನ್ನು ಮೈಮೇಲೆ ನಿಲ್ಲಿಸಲು ನಾನೇ ಬೇಕು.

ನಮ್ಮಲ್ಲಿ ಆರು ಮಷಿನು, ಏಳು ಹೆಂಗಸರು. ದಿನಕ್ಕೆ ಮೂವತ್ತು ಪೀಸು ಹೋಗುತ್ತದೆ. ವರ್ಷದಿಂದ ವರ್ಷಕ್ಕೆ ಬಟ್ಟೆ ಕಿರಿದಾಗುತ್ತಿದೆ, ಗೋವಾಕ್ಕೆ ಹೋಗುವವರು ಹೆಚ್ಚುತ್ತಿದ್ದಾರೆ. ನಾನು ತಪ್ಪೆಂದು ಹೇಳುವುದಿಲ್ಲ. ನಮ್ಮಜ್ಜಿ ಕುಪ್ಪಸ ಕಂಡದ್ದು ಮುಂಬೈಗೆ ಬಂದ ಮೇಲೆ. ಊರಲ್ಲಿದ್ದಾಗ ಸೀರೆಯ ಸೆರಗೇ ಎಲ್ಲ. ಮುಚ್ಚಿಕೊಳ್ಳಬೇಕು ಎನಿಸಿದಾಗ ಅವಳಿಗೆ ಬಟ್ಟೆ ಇರಲಿಲ್ಲ. ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು ಎಂಬುದನ್ನು ಮೈಯ ಒಡತಿ ಹೇಳಬೇಕು. ಊರು ಹೇಳಬಾರದು, ಗಂಡ ಹೇಳಬಾರದು, ಗಿರಾಕಿಯ ಹೆದರಿಕೆಯೂ ಹೇಳಬಾರದು.

ಯೋಚಿಸಿ ತಿಳಿಸಿ. ಪ್ರಾಜಕ್ತಾಳಿಗೆ ಹೇಳಿ ಮತ್ತೊಮ್ಮೆ ಅಳತೆ ಕೊಡಿ. ಎಡ ಬೇರೆ, ಬಲ ಬೇರೆ ತೆಗೆಯಲಿ. ಯಾರ ಮೈಯೂ ಎರಡು ಕಡೆ ಒಂದೇ ಇರುವುದಿಲ್ಲ. ಇದು ನನ್ನ ಪದ್ಧತಿ, ಶೇಠ್‌ಗೂ ಬಿಟ್ಟುಕೊಟ್ಟಿಲ್ಲ.

ಕಾಳವ್ವ


ಕೋಪರಖೈರಣೆ
೨೮ ಆಗಸ್ಟ್ ೨೦೨೪

ಕಾಳವ್ವನವರಿಗೆ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು. ಬನ್ಸ್ ನಾನು ಬರುವವರಿಗೆಲ್ಲ ಕೊಡುತ್ತೇನೆ, ಅದರಲ್ಲಿ ದೊಡ್ಡಸ್ತಿಕೆ ಎಂತದ್ದೂ ಇಲ್ಲ. ಆದರೂ ಇನ್ನು ಹೇಳುವುದಿಲ್ಲ.

ನನ್ನ ಮಗಳು ಅನಘಳಿಗೆ ನಿಮ್ಮ ಮಾತು ಓದಿ ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತಾಡುವುದು ಮಾತ್ರ ಮರಾಠಿ, ಹಿಂದಿ. "ಮಮ್ಮಾ, ಬಾಯಿ ಬರೋಬರ್ ಬೋಲ್‌ತೇ. ಹೈ ಕಟ್ ಘೇ" ಅಂದಳು, ಆ ಹೆಂಗಸು ಹೇಳುವುದೇ ಸರಿ, ಕಾಲು ಮೇಲೆ ಕತ್ತರಿಸಿದ್ದೇ ತೆಗೆದುಕೋ ಎಂದು. ಮೊಬೈಲಿನಲ್ಲಿ ಹತ್ತು ರೀಲು ತೋರಿಸಿದಳು. ಎಲ್ಲರದೂ ಕಾಲು ಮೇಲೆ ಕತ್ತರಿಸಿದ್ದು, ಬೆನ್ನು ಸೊಂಟದವರೆಗೆ ಇಳಿದದ್ದು. ಯಜಮಾನರು ಹಿಂದಿನಿಂದ ಇಣುಕಿ ನೋಡಿ, "ಇದಕ್ಕೆ ಇಷ್ಟು ದುಡ್ಡು ಯಾಕೆ? ಬಟ್ಟೆಯೇ ಇಲ್ಲವಲ್ಲ" ಎಂದರು. ನಾನು ನಿಮ್ಮ ಮಾತನ್ನೇ ಹೇಳಿದೆ, ಬಟ್ಟೆ ಕಡಿಮೆಯಾದಷ್ಟು ಹೊಲಿಗೆ ಕಷ್ಟ ಅಂತ. ತಿರುಗಿ ಗಲ್ಲಾಕ್ಕೆ ಹೋದರು.

ಹಾಗಾದರೆ ಇರಲಿ. ಕಾಲು ಮೇಲೆ. ಬೆನ್ನು ಅರ್ಧ ಇಳಿಯಲಿ. ನೆರಿಗೆ, ಕಪ್ಪು ಪಟ್ಟಿ ಎಲ್ಲ ನೀವು ಹೇಳಿದ ಹಾಗೆ. ಬಣ್ಣ ನವಿಲಿನ ನೀಲಿ.

ಎರಡನೇ ಟ್ರಯಲ್ ಹಾಕಿ ನೋಡಿದೆ. ಚೆನ್ನಾಗಿಯೇ ಉಂಟು. ಅಳತೆ ನಿನ್ನೆ ಇನ್ನೊಮ್ಮೆ ಕೊಟ್ಟಿದ್ದೇನೆ, ಈ ಸಲ ಉಸಿರು ಬಿಟ್ಟು.

ಶ್ರೀಮತಿ


ಕಳವಾ
೧೦ ಸೆಪ್ಟೆಂಬರ್ ೨೦೨೪

ಶ್ರೀಮತಿಯವರಿಗೆ,

ಗಣಪತಿ ಹಬ್ಬದ ರಜೆಯಲ್ಲಿ ನಿಮ್ಮ ಮೂರು ಅಳತೆ ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎದೆಯ ನಡುಗೆರೆಯಿಂದ ಕಂಕುಳಿನವರೆಗೆ. ಬಲಗಡೆ ಮೂರೂ ಸಲ ಒಂಬತ್ತೂವರೆ. ಎಡಗಡೆ ಮೊದಲು ಒಂಬತ್ತೂ ಮುಕ್ಕಾಲು. ಆಮೇಲೆ ಹತ್ತು. ಈಗ ಹತ್ತೂವರೆ. ಎರಡು ತಿಂಗಳಲ್ಲಿ.

ಮೈ ದಪ್ಪವಾದರೆ ಎರಡೂ ಕಡೆ ಆಗುತ್ತದೆ. ಒಂದೇ ಕಡೆ ಆಗುವುದಿಲ್ಲ. ಪ್ರಾಜಕ್ತಾಳನ್ನು ಕೇಳಿದೆ, ಅಳೆಯುವಾಗ ಅಲ್ಲಿ ಗಟ್ಟಿ ತಗುಲಿತೇ ಎಂದು. "ಹೋ, ಥೋಡಂ ಕಡಕ್ ಲಾಗ್‌ಲಂ" ಅಂದಳು. ಸ್ವಲ್ಪ ಗಟ್ಟಿ ಇತ್ತಂತೆ. ಅವಳು ಹುಡುಗಿ, ನಿಮ್ಮನ್ನು ಕೇಳಲು ನಾಚಿಕೊಂಡಳು. ನನಗೆ ನಾಚಿಕೆ ಇಲ್ಲ.

ನೀವು ಡಾಕ್ಟರಿಗೆ ತೋರಿಸಿ. ನಾಳೆಯೇ. ಏನೂ ಇರಲಿಕ್ಕಿಲ್ಲ, ಇದ್ದರೂ ಈಗ ತೋರಿಸಿದರೆ ಗುಣವಾಗುತ್ತದೆ. ತೋರಿಸಿ ಬರುವವರೆಗೆ ನಿಮ್ಮ ಬಟ್ಟೆಗೆ ನಾನು ಕತ್ತರಿ ಹಾಕುವುದಿಲ್ಲ. ಇದನ್ನು ಮುಷ್ಕರ ಎಂದುಕೊಳ್ಳಿ. ಶೇಠ್ ಬೈದರೆ ಬೈಯಲಿ, ಬಹಳ ಮುಷ್ಕರ ಮಾಡಿದವಳು ನಾನು. ಬಟ್ಟೆ ಇಲ್ಲೇ ಇರುವುದರಿಂದ ಕಾಗದವನ್ನು ಪ್ರಾಜಕ್ತಾಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಾಳವ್ವ


ಕೋಪರಖೈರಣೆ
೧೪ ಸೆಪ್ಟೆಂಬರ್ ೨೦೨೪

ಕಾಳವ್ವನವರೇ,

ನಾನು ಉಡುಪು ಹೊಲಿಯಲು ಕೊಟ್ಟದ್ದು, ಆರೋಗ್ಯ ತಪಾಸಣೆಗಲ್ಲ. ನನ್ನ ಮೈಯ ವಿಷಯ ನೀವು ಮತ್ತು ಆ ಹುಡುಗಿ ಕೂತು ಮಾತಾಡಿದಿರಿ ಎಂದು ಓದಿ ನನಗೆ ಹೇಗಾಗಿರಬಹುದು? ನಮ್ಮ ಮನೆಯಲ್ಲಿ ಅಂಥ ಕಾಯಿಲೆ ಯಾರಿಗೂ ಇಲ್ಲ. ಇಂಥವನ್ನು ಬಾಯಲ್ಲಿ ಹೇಳುವುದೂ ಇಲ್ಲ.

ಗಂಡಸು ಡಾಕ್ಟರ ಮುಂದೆ ಬಿಚ್ಚಿ ನಿಲ್ಲುವುದು ನನ್ನಿಂದ ಆಗದು. ಹೊಲಿಯುವುದಿದ್ದರೆ ಹೊಲಿಯಿರಿ. ಇಲ್ಲವಾದರೆ ಬಟ್ಟೆ ವಾಪಸು ಕಳಿಸಿ.

ಶ್ರೀಮತಿ


ಕಳವಾ
೨೧ ಸೆಪ್ಟೆಂಬರ್ ೨೦೨೪

ಅಕ್ಕಾವರೇ,

ಬಟ್ಟೆ ವಾಪಸು ಕಳಿಸುವುದಿಲ್ಲ. ನನ್ನ ಮಷಿನಿನ ಕೆಳಗಿದೆ.

ಬೆನ್ನು ಬಯಲು ಬಿಟ್ಟು, ತೊಡೆ ಬಯಲು ಬಿಟ್ಟು ನಲವತ್ತು ಜನರ ಮುಂದೆ ನೀರಿಗೆ ಇಳಿಯಲು ತಯಾರಾದವರು ನೀವು. ನಾಲ್ಕು ಗೋಡೆಯೊಳಗೆ ಒಬ್ಬ ಡಾಕ್ಟರಿಗೆ ತೋರಿಸಲಾರಿರಿ. ಮೈ ಚಂದ ಕಾಣುವುದಾದರೆ ತೋರಿಸಬಹುದು, ಮೈಗೆ ನೋವಾದರೆ ಮುಚ್ಚಬೇಕು. ಈ ಕಾನೂನು ಬರೆದವರು ಯಾರು? ಅವರ ಎದೆಯಲ್ಲಿ ಗಂಟು ಬರಲಿಕ್ಕಿಲ್ಲ. ಹೆಂಗಸು ಡಾಕ್ಟರು ಎಲ್ಲ ಕಡೆ ಇದ್ದಾರೆ, ಕೇಳಿದರೆ ಕರೆಯುತ್ತಾರೆ. ಅದು ನೆಪ.

ನನಗೆ ಒಬ್ಬಳು ತಂಗಿ ಇದ್ದಳು, ಸುಂದರಿ. ಊರಲ್ಲಿ ಕೊಟ್ಟಿದ್ದೆವು. ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ, ಪ್ರತಿ ವಾರ ಫೋನು ಮಾಡುತ್ತಿದ್ದ ನನಗೂ ಹೇಳಲಿಲ್ಲ. ಕುಪ್ಪಸ ಒದ್ದೆಯಾಗತೊಡಗಿದ ಮೇಲೆ ಗೊತ್ತಾಯಿತು. ಆಗ ಡಾಕ್ಟರು ಕೈ ಚೆಲ್ಲಿದ್ದರು. ಅವಳನ್ನು ಕೊಂದದ್ದು ಕಾಯಿಲೆ ಎಂದು ನಾನು ಒಪ್ಪುವುದಿಲ್ಲ. ಮಾನ ಎಂಬ ಮಾತು ಕೊಂದಿತು.

ಮೊದಲು ಅದು ಜೋಳದ ಕಾಳಿನಷ್ಟಿರುತ್ತದೆ. ಒಣ ಕೈಗೆ ಸಿಗುವುದಿಲ್ಲ, ಸ್ನಾನಕ್ಕೆ ಕೂತಾಗ ಸೋಪು ಹತ್ತಿದ ಬೆರಳಿಗೆ ಸಿಗುತ್ತದೆ. ಒತ್ತಿದರೆ ಆಚೆ ಜಾರುತ್ತದೆ. ಕೈ ಮೇಲೆತ್ತಿದರೆ ಮಾಯವಾಗುತ್ತದೆ. ಅಲ್ಲಿಗೆ ಹೋಯಿತು ಎಂದು ಸಮಾಧಾನ ಮಾಡಿಕೊಂಡರೆ ಮರುದಿನ ಅಲ್ಲಿಯೇ ಇರುತ್ತದೆ, ಬೀಗರ ಹಾಗೆ. ಹಾಗಿದ್ದರೆ ಬಿಡಬೇಡಿ.

ಹೋಗಿ ಬನ್ನಿ ಅಕ್ಕಾ. ಸಿಟ್ಟು ಮಾಡಿದರೂ ಸರಿ.

ಕಾಳವ್ವ


ಕೋಪರಖೈರಣೆ
೨೦ ಅಕ್ಟೋಬರ್ ೨೦೨೪

ಪ್ರೀತಿಯ ಕಾಳವ್ವ,

ಒಂದು ತಿಂಗಳು ಬರೆಯಲಿಲ್ಲ. ನೀನು ಎಂದು ಬರೆಯುತ್ತಿದ್ದೇನೆ, ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು.

ನನಗೆ ಏನೂ ಇಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಏನೂ ಇಲ್ಲ ಮಾರಾಯ್ತಿ, ಎರಡೂ ಕಡೆ ಶುದ್ಧ.

ನಿನ್ನ ಕಾಗದ ಓದಿದ ರಾತ್ರಿಯಿಂದ ನನಗೆ ನಿದ್ದೆ ಹೋಯಿತು. ಕೈ ಇಟ್ಟು ನೋಡಿದೆ. ಹೆದರಿದವರ ಬೆರಳಿಗೆ ಎಲ್ಲ ಕಡೆಯೂ ಗಂಟೇ. ಎಡಗಡೆ ಸಿಕ್ಕಿತು, ಬಲಗಡೆಯೂ ಸಿಕ್ಕಿತು, ಒಮ್ಮೆ ಮೊಣಕೈಯಲ್ಲೂ ಸಿಕ್ಕಿತು. ಹೊಟೇಲಿನಲ್ಲಿ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ಬೈಯಲಿಲ್ಲ, ಬಂದು ಪಕ್ಕದಲ್ಲಿ ನಿಂತರು. ಆಗ ಹೇಳಿದೆ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಆ ಶಬ್ದವನ್ನು ಅವರ ಮುಂದೆ ಮೊದಲ ಸಲ ಆಡಿದ್ದು. ಅವರು ನನ್ನ ಏಪ್ರನ್ ಬಿಚ್ಚಿ, "ನಡಿ" ಅಂದರು. ಅಷ್ಟೇ. ನಾನು ಹೆದರಿದ್ದು ಯಾರಿಗೆ, ಯಾಕೆ ಎಂದು ಈಗ ತಿಳಿಯುವುದಿಲ್ಲ.

ವಾಶಿಯಲ್ಲಿ ಪರೀಕ್ಷೆಗೆ ಒಳಗೆ ಕರೆದರು. ಕೇರಳದ ಸಿಸ್ಟರ್ ಒಬ್ಬಳು ರವಿಕೆ ಬಿಚ್ಚಿ ಅಂದಳು. ನಾನು ಕಣ್ಣು ಮುಚ್ಚಿ ಬಿಚ್ಚಿದೆ. ದೊಪ್ಪೆಂದು ಕೆಳಗೆ ಬಿತ್ತು. ನನ್ನ ಪರ್ಸು, ಸ್ಟೋರ್ ರೂಮಿನ ಬೀಗದಕೈ ಗೊಂಚಲು. ರವಿಕೆಯ ಎಡಗಡೆ. ಮದುವೆಯಾಗಿ ಬಂದ ದಿನದಿಂದ ಅಲ್ಲಿಯೇ ಇಡುವುದು. ಅತ್ತೆಯೂ ಅಲ್ಲಿಯೇ ಇಡುತ್ತಿದ್ದರು. ನನಗೆ ಅದು ನನ್ನ ಮೈಯೇ ಆಗಿಹೋಗಿದೆ ಕಾಳವ್ವ, ಇದೆ ಎಂಬ ನೆನಪೇ ಇರುವುದಿಲ್ಲ.

ಲೆಕ್ಕ ಹಾಕಿದೆ. ಮೊದಲ ಅಳತೆಗೆ ಹೋದಾಗ ಬರೀ ಪರ್ಸು. ಎರಡನೇ ಸಲ, ಮೊದಲ ಟ್ರಯಲ್ ವಾಪಸು ಕೊಡುವಾಗ ಅಳೆದದ್ದು, ಸ್ಟೋರಿನವನು ಊರಿಗೆ ಹೋಗಿದ್ದ, ಅವನ ಬೀಗದಕೈಯೂ ನನ್ನಲ್ಲೇ. ಮೂರನೇ ಸಲ ಹಬ್ಬದ ಸಾಮಾನು ಬಂದಿತ್ತು, ಹೊಸ ಕಪಾಟಿನ ಬೀಗದಕೈ ಕೂಡ ಸೇರಿತ್ತು. ನಿನ್ನ ಟೇಪು ಅಳೆದದ್ದು ನಮ್ಮ ಹೊಟೇಲನ್ನು. ಸಿಸ್ಟರ್ ನಕ್ಕು ನಕ್ಕು ಗೋಡೆ ಹಿಡಿದಳು. ನಾನೂ ನಕ್ಕೆ, ಹಾಗೆಯೇ ಅತ್ತುಬಿಟ್ಟೆ. ಆದರೂ ಪರೀಕ್ಷೆ ಪೂರ್ತಿ ಮಾಡಿಸಿಕೊಂಡೇ ಬಂದೆ.

ನೀನು ಕೇಳಬಹುದು, ಟ್ರಯಲ್ ಹಾಕಿದಾಗ ಎಡಗಡೆ ಸಡಿಲ ಎಂದು ಗೊತ್ತಾಗಲಿಲ್ಲವೇ ಎಂದು. ನಾನು ಹಾಕಿಯೇ ಇರಲಿಲ್ಲ. ಎರಡೂ ಸಲ ಕೋಣೆಯ ಬಾಗಿಲು ಹಾಕಿ, ಕನ್ನಡಿಯ ಮುಂದೆ ಮೈಮೇಲೆ ಹಿಡಿದು ನೋಡಿ, ಮಡಚಿ ಇಟ್ಟೆ. ಚೆನ್ನಾಗಿಯೇ ಉಂಟು ಎಂದು ಬರೆದೆ. ಸುಳ್ಳು.

ಈಗ ನನ್ನ ಸರದಿ. ನಿನ್ನ ಕಾಗದವನ್ನು ಮೊನ್ನೆ ಮತ್ತೆ ಓದಿದೆ. ನಿನ್ನ ತಂಗಿ ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ ಎಂದು ಬರೆದಿದ್ದೀಯ. ನೀನು ನೋಡುವಷ್ಟರಲ್ಲಿ ಹುಣ್ಣಾಗಿತ್ತು. ಹಾಗಾದರೆ ಜೋಳದ ಕಾಳಿನಷ್ಟಿದ್ದಾಗ ಅದು ಹೇಗೆ ಜಾರುತ್ತದೆ, ಸೋಪಿನ ಬೆರಳಿಗೆ ಹೇಗೆ ಸಿಗುತ್ತದೆ, ಕೈ ಎತ್ತಿದರೆ ಹೇಗೆ ಮಾಯವಾಗುತ್ತದೆ ಎಂದು ನಿನಗೆ ಯಾರು ಹೇಳಿದರು?

ಅದು ಯಾರ ಬೆರಳು ಕಾಳವ್ವ?

ಶ್ರೀಮತಿ ಅಕ್ಕ


ಕೋಪರಖೈರಣೆ
೮ ನವೆಂಬರ್ ೨೦೨೪

ಕಾಳವ್ವ,

ದೀಪಾವಳಿ ಮುಗಿದ ಮೇಲೆ ಉಡುಪು ಬಂತು. ಪ್ಯಾಡಿನ ಎರಡೂ ಕಿಸೆಯಲ್ಲಿ ಕೈ ಹಾಕಿ ನೋಡಿದೆ. ಕಾಗದವಿಲ್ಲ.

ಉಡುಪು ಬಹಳ ಚೆನ್ನಾಗಿದೆ. ಆದ್ದರಿಂದ ಹಿಂತಿರುಗಿಸುತ್ತಿದ್ದೇನೆ. ಎಡ ತೋಳಿನ ಪಟ್ಟಿ ಅರ್ಧ ಇಂಚು ಉದ್ದವಾಯಿತು ಎಂದು ಅಂಗಡಿಯಲ್ಲಿ ಬರೆಸಿದ್ದೇನೆ. ಆಗಿಲ್ಲ, ನನಗೆ ಗೊತ್ತುಂಟು. ಆರ್ಡರು ಮುಗಿದ ಮೇಲೆ, ದೂರು ಬರೆಸದಿದ್ದರೆ ಈ ಕಾಗದ ನಿನ್ನ ಕೈಗೆ ಬರುವುದು ಹೇಗೆ? ನೀನು ಉತ್ತರ ಕೊಡುವವರೆಗೆ ವಾರಕ್ಕೊಂದು ತಪ್ಪು ಹುಡುಕುತ್ತೇನೆ. ಮುಂದಿನ ವಾರ ನೆರಿಗೆ, ಅದರ ಮುಂದಿನ ವಾರ ಬಣ್ಣ. ಪ್ರಾಜಕ್ತಾ ನನ್ನನ್ನು ಹುಚ್ಚಿ ಎಂದುಕೊಂಡಿದ್ದಾಳೆ.

ಮುಷ್ಕರ ಮಾಡಲು ನೀನೇ ಕಲಿಸಿದ್ದು. ನೀನು ತೋರಿಸುವವರೆಗೆ ನಾನು ಇದನ್ನು ತೊಡುವುದಿಲ್ಲ, ನೀರಿಗೂ ಇಳಿಯುವುದಿಲ್ಲ.

ಅಕ್ಕ


ಕಳವಾ
೧೭ ನವೆಂಬರ್ ೨೦೨೪

ಅಕ್ಕಾವರೇ,

ಪಟ್ಟಿಯಲ್ಲಿ ತಪ್ಪಿಲ್ಲ. ನನ್ನ ಕೆಲಸದ ಮೇಲೆ ಸುಳ್ಳು ಬರೆಸಬೇಡಿ. ಶೇಠ್ ಎಲ್ಲರ ಮುಂದೆ, "ಕಾಳವ್ವಾ, ಆತಾ ಡೋಳೆ ಗೇಲೇ ಕಾ" ಎಂದು ಕೇಳಿದ. ಕಣ್ಣು ಹೋದವೇ ಎಂದು. ನನ್ನ ಹದಿನೆಂಟು ವರ್ಷದ ಕೆಲಸದಲ್ಲಿ ಮೊದಲ ಸಲ.

ಕೆಲಸ ಬಹಳ. ಡಿಸೆಂಬರಿನ ಗೋವಾ ಆರ್ಡರು. ಈಗ ಬರುತ್ತಿರುವುದು ಪಕ್ಕದಲ್ಲಿ ದಾರ ಕಟ್ಟುವ ನಮೂನೆ, ಅಂಗೈಯಷ್ಟು ಬಟ್ಟೆ. ದಾರ ತಿರುವಿ ತಿರುವಿ ಬೆರಳು ಸವೆದಿವೆ. ಸಣ್ಣ ಮೈಯವರಿಗೆ ಅದು ಚಂದ, ಸೊಂಟ ಅಗಲವಿದ್ದವರಿಗೆ ದಾರದ ಜಾಗದಲ್ಲಿ ಮಾಂಸ ಉಕ್ಕುತ್ತದೆ. ಆದರೂ ಕೇಳುತ್ತಾರೆ. ಹೊಲಿದು ಕೊಡುತ್ತೇನೆ.

ಇಷ್ಟು ಬರೆದು ಕಾಗದ ಮುಗಿಸಬೇಕೆಂದಿದ್ದೆ. ಎರಡು ದಿನ ಹಾಗೆಯೇ ಇಟ್ಟೆ.

ಹದಿನಾಲ್ಕು ತಿಂಗಳಾಯಿತು. ಎಡಗಡೆಯೇ. ಅದಕ್ಕೇ ನಿಮ್ಮ ಎಡಗಡೆ ನನಗೆ ಕಂಡಿತು. ಬಲಗಡೆ ಹೆಚ್ಚಿದ್ದರೆ ಬಹುಶಃ ಟೇಪು ತಪ್ಪಿತು ಎಂದು ಬಿಡುತ್ತಿದ್ದೆ.

ನಾಚಿಕೆಯಿಂದ ಹೋಗಲಿಲ್ಲ ಎಂದುಕೊಳ್ಳಬೇಡಿ. ಸಂಘದ ಸಭೆಯಲ್ಲಿ ಈ ವಿಷಯದ ಮೇಲೆ ಮೂರು ಸಲ ಭಾಷಣ ಮಾಡಿದ್ದೇನೆ. ಮೈಕು ಹಿಡಿದು. ಹೆಂಗಸರು ಅಳುತ್ತಿದ್ದರು, ಮರುದಿನ ಆಸ್ಪತ್ರೆಗೆ ಓಡುತ್ತಿದ್ದರು. ನಾನು ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಬೇರೆಯವರಿಗೆ ಹೇಳಿದರೆ ನನ್ನದು ಹೋಗುತ್ತದೆ ಎಂಬ ಹಾಗೆ. ಸುಂದರಿಗೆ ತಿಳಿವಳಿಕೆ ಇರಲಿಲ್ಲ. ನನಗೆ ಇತ್ತು. ತಿಳಿದೂ ಹೆದರುವವಳ ಮೇಲೆ ಯಾವ ಕರಪತ್ರವೂ ಇಲ್ಲ.

ಶಂಕರೆಪ್ಪನಿಗೆ ಹೇಳಿಲ್ಲ.

ಕಾಳವ್ವ


ಕೋಪರಖೈರಣೆ
೨೨ ನವೆಂಬರ್ ೨೦೨೪

ಕಾಳವ್ವ,

ಗುರುವಾರ, ಇಪ್ಪತ್ತೆಂಟಕ್ಕೆ, ಬೆಳಿಗ್ಗೆ ಎಂಟಕ್ಕೆ ಕಳವಾ ಸ್ಟೇಷನ್ನಿನ ಟಿಕೆಟ್ ಕೌಂಟರಿನ ಹತ್ತಿರ ನಿಂತಿರುತ್ತೇನೆ. ಹಸಿರು ಇಳಕಲ್ ಸೀರೆ. ನಿನ್ನ ಕಡೆಯದ್ದು, ಎಕ್ಸಿಬಿಷನ್ನಿನಲ್ಲಿ ತೆಗೆದುಕೊಂಡದ್ದು. ನೀನು ಬರದಿದ್ದರೆ ಕಾರ್‌ಶೆಡ್ಡಿಗೆ ಹೋಗಿ ಶಂಕರೆಪ್ಪ ಯಾರು ಎಂದು ಕೇಳುತ್ತೇನೆ. ನಾನು ಕೇಳುವವಳು, ನಿನಗೆ ಗೊತ್ತಾಗಿರಬೇಕು.

ಶೇಠ್‌ಗೆ ನಾನೇ ಫೋನು ಮಾಡಿ, ಪಟ್ಟಿ ಸರಿಯೇ ಇತ್ತು, ನನ್ನ ಕಣ್ಣು ಹೋಗಿತ್ತು ಎಂದು ಹೇಳಿದ್ದೇನೆ. ತಪ್ಪಾಯಿತು.

ಅಕ್ಕ


ಕಳವಾ
೧೨ ಡಿಸೆಂಬರ್ ೨೦೨೪

ಅಕ್ಕಾ,

ನಿನ್ನೆ ಫೋನಿನಲ್ಲಿ "ಏನಿಲ್ಲಂತ್ರಿ ಅಕ್ಕಾ" ಎಂದು ಎರಡು ಶಬ್ದ ಹೇಳಿ ಇಟ್ಟೆ. ನೀವು ಆ ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದಿರಿ. ಬಾಯಿಂದ ಆಗಲಿಲ್ಲ. ಉಳಿದದ್ದನ್ನು ಬರೆಯುತ್ತೇನೆ.

ಆ ಗುರುವಾರ ಸೂಜಿ ಹಾಕಿ ಎಳೆದಾಗ ನೀವು ಹೊರಗಿದ್ದಿರಿ. ಡಾಕ್ಟರಮ್ಮ ಸಿರಿಂಜು ಎತ್ತಿ ಬೆಳಕಿಗೆ ಹಿಡಿದಳು. ಹಳದಿ ನೀರು. "ಬಘಾ ಮಾವಶೀ, ಪಾಣೀ ಆಹೇ ಪಾಣೀ" ಎಂದಳು. ನೀರಿನ ಚೀಲವಂತೆ ಅದು, ಹೆಂಗಸರಿಗೆ ಈ ವಯಸ್ಸಿನಲ್ಲಿ ಆಗುವುದಂತೆ. ಆದರೂ ಪರೀಕ್ಷೆಗೆ ಕಳಿಸುತ್ತೇವೆ ಎಂದಳು. ನಾನು ಹೊರಗೆ ಬಂದು ನಿಮಗೆ "ಗೊತ್ತಾಗಿಲ್ಲ" ಎಂದಷ್ಟೇ ಹೇಳಿದೆ. ಒಳ್ಳೆಯದನ್ನು ಪೂರ್ತಿ ಕೈಗೆ ಬರುವ ಮೊದಲು ಹೇಳಲು ಧೈರ್ಯವಾಗಲಿಲ್ಲ. ಎರಡು ವಾರ ನಿಮ್ಮನ್ನೂ ಹೆದರಿಸಿ ಇಟ್ಟೆ. ಬೈಯಿರಿ.

ಅಂದು ಸಂಜೆ ಶಂಕರೆಪ್ಪನಿಗೆ ಹೇಳಿದೆ. ಅವನು ಚಹಾ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟ. "ಹದಿನಾಕ್ ತಿಂಗಳ ಒಬ್ಬಾಕೀನ ಮನಸಿನ್ಯಾಗ ಇಟ್ಕೊಂಡ್ಯಲ್ಲ, ನಾ ಏನ್ ಸತ್ತಿದ್ನೇನ?" ಎಂದ. ಹತ್ತು ದಿನ ನನ್ನೊಂದಿಗೆ ಮಾತಾಡಲಿಲ್ಲ, ಆದರೆ ದಿನಾ ಬೆಳಿಗ್ಗೆ ನೀರು ಅವನೇ ತುಂಬಿದ. ರಿಪೋರ್ಟ್ ತರಲು ನಿನ್ನೆ ಅವನೇ ಬಂದ. ಕಾಗದ ಇಂಗ್ಲಿಷಿನಲ್ಲಿತ್ತು. ಕಿಟಕಿಯಲ್ಲಿ ಕೂತವನು ಏನೂ ಇಲ್ಲ, ಹೋಗಿ ಎಂದ. ಶಂಕರೆಪ್ಪನಿಗೆ ನಂಬಿಕೆ ಬರಲಿಲ್ಲ. "ಇನ್ನೊಮ್ಮಿ ನೋಡ್ರಿ ಸಾಹೇಬ್ರ, ಹೆಸರು ಇಕೀದ ಐತೇನ?" ಎಂದು ಮೂರು ಸಲ ಕೇಳಿದ. ಹಿಂದೆ ಸಾಲಿನಲ್ಲಿದ್ದವರು ಬೈಯತೊಡಗಿದರು. ಆಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ವಡಾಪಾವ್ ತಿಂದೆವು. ಇಷ್ಟು ರುಚಿಯಾದ ವಡಾಪಾವ್ ನಾನು ತಿಂದಿಲ್ಲ. ಮೈಯೆಲ್ಲ ಹಗುರ, ಹೆಗಲ ಮೇಲಿಂದ ಯಾರೋ ಇಳಿದು ಹೋದ ಹಾಗೆ. ಸುಂದರಿ ನೆನಪಾದಳು. ಅವಳಿಗೂ ಇಂಥ ಒಂದು ಮಧ್ಯಾಹ್ನ ಸಿಗಬಹುದಿತ್ತು.

ಇವತ್ತು ಯುನಿಟ್ಟಿಗೆ ಬಂದೆ. ಪ್ರಾಜಕ್ತಾ ಪೀಸು ಒಯ್ಯಲು ಬಂದಿದ್ದಳು. ರಿಪೋರ್ಟನ್ನು ಅವಳ ಕೈಗೆ ಕೊಟ್ಟು, ಗಟ್ಟಿಯಾಗಿ ಮರಾಠಿಯಲ್ಲಿ ಓದು ಎಂದೆ. ಇಲ್ಲಿಯೇ? ಎಂದಳು. ಇಲ್ಲಿಯೇ, ಎಲ್ಲರ ಮುಂದೆ. ಭಾಷಣ ಮಾಡಲಿಲ್ಲ. ನನಗೆ ಗಂಟು ಇತ್ತು, ಹದಿನಾಲ್ಕು ತಿಂಗಳು ಮುಚ್ಚಿಟ್ಟಿದ್ದೆ, ಹೆದರಿದ್ದೆ ಎಂದು ಮಾತ್ರ ಹೇಳಿದೆ. ಅವಳು ಓದಿದಳು. ಆರೂ ಮಷಿನು ನಿಂತವು.

ಊಟದ ಡಬ್ಬಿ ಬಿಚ್ಚುವಾಗ ವೈಶಾಲಿ ಬಂದು ಪಕ್ಕದಲ್ಲಿ ಕೂತಳು. ಓವರ್‌ಲಾಕ್ ಮಷಿನಿನವಳು, ಎರಡು ಮಕ್ಕಳ ತಾಯಿ, ಮೂವತ್ತೈದೂ ಆಗಿಲ್ಲ. ಪಲ್ಯ ಬಡಿಸುತ್ತ, ನನ್ನ ಮುಖ ನೋಡದೆ, "ಮಾವಶೀ, ಮಲಾ ಪಣ್ ಆಹೇ" ಎಂದಳು. ನನಗೂ ಇದೆ ಎಂದು. ಎಷ್ಟು ದಿನದಿಂದ ಎಂದರೆ ಹೋದ ದೀಪಾವಳಿಯಿಂದ. ಈ ದೀಪಾವಳಿಯಲ್ಲ, ಅದರ ಹಿಂದಿನದು. ನನ್ನಿಂದ ಮೂರು ಮೊಳ ದೂರದ ಮಷಿನಿನಲ್ಲಿ. ಇಬ್ಬರೂ ದಿನಾ ಬೇರೆಯವರ ಎದೆಯ ಅಳತೆಗೆ ಬಟ್ಟೆ ಕತ್ತರಿಸುತ್ತ ಕೂತಿದ್ದೆವು.

ಸಂಜೆಯೊಳಗೆ ಇನ್ನೊಬ್ಬಳು ಹೇಳಿದಳು. ಉಳಿದವರು ನಮಗೇನೂ ಇಲ್ಲ, ಆದರೂ ನೋಡಿಸುತ್ತೇವೆ ಎಂದರು. ಪ್ರಾಜಕ್ತಾಳೂ ಬರುತ್ತಾಳಂತೆ. ಶೇಠ್ ಬಳಿಗೆ ಏಳೂ ಜನ ಹೋದೆವು. ಮಂಗಳವಾರ ಹದಿನೇಳಕ್ಕೆ ಮಷಿನು ನಡೆಯುವುದಿಲ್ಲ ಎಂದೆ. ಗೋವಾ ಆರ್ಡರ್ ಇದೆ, ಹುಚ್ಚು ಹಿಡಿದಿದೆಯೇ, ಏನು ಕಾರಣ ಎಂದ. ಜ್ವರ, ಊರು, ಸಾವು, ಮದುವೆ, ಇಷ್ಟು ವರ್ಷ ಎಲ್ಲ ಸುಳ್ಳು ಕಾರಣ ಹೇಳಿ ರಜೆ ತೆಗೆದುಕೊಂಡಿದ್ದೇವೆ. ವೈಶಾಲಿ ಮುಂದೆ ಬಂದು ಇದ್ದ ಕಾರಣವನ್ನೇ ಇದ್ದ ಶಬ್ದದಲ್ಲಿ ಹೇಳಿದಳು. ಅವನು ಕಿವಿಯವರೆಗೆ ಕೆಂಪಾಗಿ ಕ್ಯಾಲೆಂಡರ್ ಕಡೆ ತಿರುಗಿದ. ಎದೆಗೆ ಹೊಲಿದದ್ದನ್ನು ಮಾರಿ ಮನೆ ಕಟ್ಟಿದವನು, ಎದೆ ಎಂಬ ಮಾತಿಗೆ ಕೆಂಪಾದ. "ಜಾ, ಜಾ" ಎಂದ, ಹೋಗಿ ಹೋಗಿ ಎಂದು.

ನಿಮ್ಮ ನವಿಲು ನೀಲಿ ಇದರ ಜೊತೆಗಿದೆ. ದೀಪಾವಳಿಗೆ ಅಂದಾಜಿನಲ್ಲಿ ಹೊಲಿದಿದ್ದೆ; ಆ ಗುರುವಾರ ಪರ್ಸು ತೆಗೆಸಿ ಅಳೆದ ನಿಮ್ಮ ನಿಜವಾದ ಎಡಗಡೆಗೆ, ಒಂಬತ್ತೂವರೆಗೆ, ಮತ್ತೆ ಬಿಚ್ಚಿ ಹೊಲಿದಿದ್ದೇನೆ. ಬರೀ ಮೈಗೆ ತೊಟ್ಟು ನೋಡಿ, ಆಮೇಲೆ ನೀರಿಗೆ ಇಳಿಯಿರಿ. ಮುಷ್ಕರ ಎರಡೂ ಕಡೆಯಿಂದ ಮುಗಿಯಿತು.

ಸೋಮವಾರದವರೆಗೆ ಪಟ್ಟಿ ಉದ್ದ, ನೆರಿಗೆ ಕಡಿಮೆ ಎಂದು ಏನಾದರೂ ಇದ್ದರೆ ಹೇಳಿ ಕಳಿಸಿ. ಮಂಗಳವಾರ ನಾವು ಯಾರೂ ಸಿಗುವುದಿಲ್ಲ.

ಕಾಳವ್ವ